ಲಿಥಿಯಂ ಮಾತ್ರೆಯನ್ನು ಬಿಪಿ ಡಾಕ್ಟರಿಂದ ಮುಚ್ಚಿಡಬೇಡಿ

ನಾನು ಹೃದಯದ ಡಾಕ್ಟರ್. ಇವತ್ತು ಬರೆಯುತ್ತಿರುವುದು ಮನಸ್ಸಿನ ಕಾಯಿಲೆಯ ಒಂದು ಮಾತ್ರೆಯ ಬಗ್ಗೆ. ಕಾರಣ ಇದೆ.

ಡೊಂಬಿವಲಿಯ ಅಮ್ಮ ಒಬ್ಬರು ಬಿಪಿ ತೋರಿಸಲು ಬಂದಿದ್ದರು. ಬೇರೆ ಮಾತ್ರೆ ಏನಾದರೂ ಇದೆಯಾ ಎಂದು ಕೇಳಿದೆ. ಇಲ್ಲ ಎಂದರು. ಬಿಪಿ ಮಾತ್ರೆ ಬರೆದು, ಉಪ್ಪು ಕಡಿಮೆ ಮಾಡಿ ಎಂದೆ. ಎರಡು ವಾರದಲ್ಲಿ ಮಗ ಅವರನ್ನು ಹಿಡಿದುಕೊಂಡು ಬಂದ. ಕೈ ನಡುಕ, ಭೇದಿ, ತೂರಾಡುವ ನಡಿಗೆ. ಆಗ ಪರ್ಸಿನಿಂದ ಲಿಥಿಯಂ ಮಾತ್ರೆ ಹೊರಬಂತು. "ಮಗಳ ಮದುವೆ ಮಾತುಕತೆ ನಡೀತಿದೆ ಡಾಕ್ಟ್ರೇ, ಅದಕ್ಕೆ ಹೇಳಲಿಲ್ಲ" ಎಂದರು. ಹಳೆಯ ಚೀಟಿ ಕೇಳಿ ನೋಡದಿದ್ದದ್ದು ನನ್ನ ತಪ್ಪೂ ಹೌದು.

ಲಿಥಿಯಂ ಹೊಸ ಔಷಧಿಯಲ್ಲ. 1949ರಲ್ಲಿ ಆಸ್ಟ್ರೇಲಿಯಾದ ಡಾ. ಜಾನ್ ಕೇಡ್ ಇದರ ಉಪಯೋಗವನ್ನು ತೋರಿಸಿಕೊಟ್ಟರು. ಬೈಪೋಲಾರ್ ಕಾಯಿಲೆಗೆ, ಮತ್ತು ಬೇರೆ ಮಾತ್ರೆಗೆ ಬಗ್ಗದ ಖಿನ್ನತೆಗೆ ಜೊತೆ ಮಾತ್ರೆಯಾಗಿ, ಇದನ್ನು ಇಂದಿಗೂ ಕೊಡುತ್ತಾರೆ.

ಈಗ ಮೊಬೈಲಿನಲ್ಲಿ ಹೊಸ ಮಾತು ಓಡಾಡುತ್ತಿದೆ: ಲಿಥಿಯಂ ಮೆದುಳಿನ "ಆಕ್ಸಿಡೇಟಿವ್ ಸ್ಟ್ರೆಸ್" ಕಡಿಮೆ ಮಾಡುತ್ತದಂತೆ. ಇದರಲ್ಲಿ ಸತ್ಯಾಂಶ ಇದೆ. ದೇಹದ ತೂಕದಲ್ಲಿ ಮೆದುಳು ಸುಮಾರು 2% ಅಷ್ಟೇ, ಆದರೆ ಆಮ್ಲಜನಕದ ಸುಮಾರು 20% ಅದಕ್ಕೇ ಬೇಕು. ಒಲೆ ಉರಿದಲ್ಲಿ ಹೊಗೆ ಇದ್ದೇ ಇರುತ್ತದೆ. ಆ ಹೊಗೆಯಂಥ ಕಣಗಳು ಹೆಚ್ಚಾಗಿ, ತಡೆಯುವ ಶಕ್ತಿ ಕಡಿಮೆಯಾದರೆ ಜೀವಕೋಶಕ್ಕೆ ಹಾನಿ. ಖಿನ್ನತೆಯಲ್ಲಿ ಈ ಹಾನಿಯ ಗುರುತುಗಳು ರಕ್ತದಲ್ಲಿ ಹೆಚ್ಚಿರುವುದು, ಲಿಥಿಯಂ ಕೊಟ್ಟಾಗ ಕಡಿಮೆಯಾಗುವುದು ಕೆಲವು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ. ಆದರೆ ಮಾತ್ರೆ ಗುಣ ಕೊಡುವುದು ಇದರಿಂದಲೇ ಎಂದು ಇನ್ನೂ ಸಾಬೀತಾಗಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ನೇರ. ಇದನ್ನು ಓದಿ ಆನ್‌ಲೈನಿನಲ್ಲಿ "ಲಿಥಿಯಂ ಒರೊಟೇಟ್" ತರಿಸಬೇಡಿ. ಆಂಟಿಆಕ್ಸಿಡೆಂಟ್ ಪುಡಿ ನಂಬಿ ಡಾಕ್ಟರು ಕೊಟ್ಟ ಲಿಥಿಯಂ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು.

ಲಿಥಿಯಂ ದೇಹದಿಂದ ಹೊರಹೋಗುವುದು ಕಿಡ್ನಿಯ ಮೂಲಕ. ರಕ್ತದಲ್ಲಿ ಸಾಮಾನ್ಯವಾಗಿ 0.6ರಿಂದ 1.0 ಇರಬೇಕು, 1.5 ದಾಟಿದರೆ ವಿಷ. ಅಂತರ ಇಷ್ಟು ಕಡಿಮೆ. ಅದಕ್ಕೇ ಇವನ್ನು ನೆನಪಿಡಿ:

✅ ಟೆಲ್ಮಿಸಾರ್ಟನ್, ರಾಮಿಪ್ರಿಲ್, ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಗಳು ಲಿಥಿಯಂ ಮಟ್ಟ ಏರಿಸಬಹುದು. ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರಿಗೆ ತಿಳಿಸಿ.
✅ ಸೊಂಟನೋವಿಗೆ ಮೆಡಿಕಲ್‌ನಲ್ಲಿ ಕೇಳಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಬೇಡಿ.
✅ ಉಪ್ಪನ್ನು ಒಮ್ಮೆಲೇ ಬಿಡಬೇಡಿ. ಮೇ ತಿಂಗಳಲ್ಲಿ ಲೋಕಲ್‌ನಲ್ಲಿ ಬೆವರುವಾಗ ನೀರಿನ ಬಾಟಲಿ ಜೊತೆಗಿರಲಿ.
✅ ರಕ್ತ ಪರೀಕ್ಷೆಗೆ ಹಿಂದಿನ ಮಾತ್ರೆಯಾಗಿ 12 ಗಂಟೆ ಆಗಿರಬೇಕು. ಕಿಡ್ನಿ, ಥೈರಾಯ್ಡ್ ಸುಮಾರು 6 ತಿಂಗಳಿಗೊಮ್ಮೆ ನೋಡಿಸಿ.
✅ ವಾಂತಿ, ಭೇದಿ, ಜೋರು ನಡುಕ, ತೊದಲು ಮಾತು ಕಂಡರೆ ಮುಂದಿನ ಮಾತ್ರೆ ತೆಗೆದುಕೊಳ್ಳದೆ ಅದೇ ದಿನ ಆಸ್ಪತ್ರೆಗೆ ಹೋಗಿ.

"ಇವನನ್ನು ಠಾಣೆಗೆ ಕಳಿಸಿ" ಎಂದು ನಾವೇ ತಮಾಷೆ ಮಾಡುತ್ತೇವೆ. ಅಲ್ಲಿನ ಮಾನಸಿಕ ಆಸ್ಪತ್ರೆ 1901ರದ್ದು; ಆ ತಮಾಷೆಗೂ ವಯಸ್ಸಾಯಿತು, ಇನ್ನು ಸಾಕು. ಅದಕ್ಕೆ ಹೆದರಿಯೇ ಆ ಅಮ್ಮ ಮಾತ್ರೆಯನ್ನು ಪರ್ಸಿನಲ್ಲಿ ಬಚ್ಚಿಟ್ಟಿದ್ದರು. ಬಿಪಿ, ಶುಗರ್ ಮಾತ್ರೆ ಇಡುವ ಡಬ್ಬಿಯಲ್ಲೇ ಲಿಥಿಯಂ ಕೂಡ ಇರಲಿ. ಯಾವ ಡಾಕ್ಟರ ಹತ್ತಿರ ಹೋದರೂ ಇಡೀ ಡಬ್ಬಿ ತೋರಿಸಿ.

ಮನಸ್ಸಿನ ಕಷ್ಟವನ್ನು ಮರಾಠಿ, ಹಿಂದಿಯಲ್ಲಿ ಹೇಳಿಕೊಳ್ಳಲು ಆಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಆ ಅಮ್ಮ ಈಗ ಚೆನ್ನಾಗಿದ್ದಾರೆ. ಮಗಳ ಮದುವೆಯೂ ಆಯಿತು.

ಬೇಕಾದವರಿಗೆ ತಲುಪಿಸಿ. 🙏