ಕೆರೆಗೆ ಬಂದ ನೀರಿನ ಲೆಕ್ಕ ಎಲ್ಲಿದೆ?

ಕಳೆದ ರಂಜಾನಿನಲ್ಲಿ ನರಸಾಪುರದ ಹತ್ತಿರ ಇರುವ ಮಾಮೂ ಮನೆಗೆ ಇಫ್ತಾರ್‌ಗೆ ಹೋಗಿದ್ದೆವು. ದಾರಿಯಲ್ಲಿ ತುಂಬಿದ ಕೆರೆ ನೋಡಿ ನಾನಿ ಕೇಳಿದರು: "ಯೇ ಪಾನಿ ಪಾಕ್ ಹೈ ಕಿ ನೈ?" ಆಟೋದಲ್ಲಿದ್ದ ನಾವೆಲ್ಲ ನಕ್ಕೆವು. ಉತ್ತರ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಆ ಸಂಜೆ ನಾನಿ ಕ್ಯಾನ್ ನೀರಿನಲ್ಲೇ ವುಝೂ ಮಾಡಿದರು.

ಅದು ಬರೀ ಮಳೆ ನೀರಲ್ಲ. ಬೆಂಗಳೂರಿನ ಬಚ್ಚಲು, ಶೌಚಾಲಯಗಳಿಂದ ಹೊರಟು, ಕೋರಮಂಗಲ-ಚಲ್ಲಘಟ್ಟ ಕಣಿವೆಯ ಘಟಕಗಳಲ್ಲಿ ಎರಡು ಹಂತ ಶುದ್ಧವಾಗಿ ಪೈಪಿನಲ್ಲಿ ನಮ್ಮ ಕೋಲಾರ ಜಿಲ್ಲೆಗೆ ಬರುವ ನೀರು. ಎಲ್ಲರೂ ಕೆ.ಸಿ. ವ್ಯಾಲಿ ಅನ್ನುವುದು ಇದನ್ನೇ. ದಿನಕ್ಕೆ 440 ದಶಲಕ್ಷ ಲೀಟರ್ ತರುವ ಯೋಜನೆ. 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು, ಸ್ವಲ್ಪ ದಿನಕ್ಕೇ ನೊರೆ ಕಾಣಿಸಿತು, ವಿಷಯ ಹೈಕೋರ್ಟಿಗೂ ಆಮೇಲೆ ಸುಪ್ರೀಂ ಕೋರ್ಟಿಗೂ ಹೋಯಿತು. ಈಗ ನೀರು ಬರುತ್ತಿದೆ.

ನಾನು ಯೋಜನೆಯ ವಿರೋಧಿಯಲ್ಲ. ಸಾವಿರ ಅಡಿ ಕೊರೆಸಿದರೂ ಬರೀ ಧೂಳು ಬರುತ್ತಿದ್ದ ಕಾಲವನ್ನು ಮಾಮೂ ಇನ್ನೂ ಮರೆತಿಲ್ಲ. ಕೆರೆ ತುಂಬಿದ ಮೇಲೆ ಅವರ ಬೋರ್‌ವೆಲ್‌ಗೆ ನೀರು ಬಂತು, ಟೊಮೆಟೊ ಹಾಕಿದರು. ಆ ಟೊಮೆಟೊ ಕೋಲಾರದ ಮಂಡಿಗೆ ಬಂದು ಬೆಂಗಳೂರಿಗೇ ಹೋಗುತ್ತದೆ. ಅಂದರೆ ಅವರು ತೊಳೆದು ಬಿಟ್ಟದ್ದು ಇಲ್ಲಿಗೆ, ಇಲ್ಲಿ ಬೆಳೆದದ್ದು ಅವರ ತಟ್ಟೆಗೆ. ಈ ಜಮಾ-ಖರ್ಚನ್ನು ಯಾವ ಪುಸ್ತಕದಲ್ಲಿ ಬರೆದಿದ್ದಾರೆ?

ನಾನಿಯ ಪ್ರಶ್ನೆಯನ್ನು ದೊಡ್ಡ ಆಲಿಮರೂ ಕೇಳಿಕೊಂಡಿದ್ದಾರೆ. 1978ರಲ್ಲೇ ಸೌದಿ ಅರೇಬಿಯಾದ ಹಿರಿಯ ಉಲಮಾಗಳ ಮಂಡಳಿ, ಕೊಳಚೆ ನೀರನ್ನು ಬಣ್ಣ, ರುಚಿ, ವಾಸನೆ ಯಾವುದೂ ಉಳಿಯದಂತೆ ಪೂರ್ತಿ ಶುದ್ಧ ಮಾಡಿದರೆ ವುಝೂಗೂ ಬಳಸಬಹುದು ಎಂದಿತು. ಕುಡಿಯುವ ವಿಷಯದಲ್ಲಿ ಮಾತ್ರ ಆರೋಗ್ಯದ ದೃಷ್ಟಿಯಿಂದ ದೂರವಿರುವುದು ಒಳ್ಳೆಯದು ಎಂದಿತು. ಎಚ್ಚರಿಕೆ ಇರುವುದೇ ಅಲ್ಲಿ. ಸೀಸ, ಕ್ಯಾಡ್ಮಿಯಂ ಕಣ್ಣಿಗೂ ಮೂಗಿಗೂ ಸಿಗುವುದಿಲ್ಲ. ಅದಕ್ಕೆ ಲ್ಯಾಬ್ ಬೇಕು. ಎರಡು ಹಂತ ಸಾಲದು, ಮೂರನೇ ಹಂತದ ಶುದ್ಧೀಕರಣವೂ ಬೇಕು ಎಂದು ಜಿಲ್ಲೆಯ ರೈತರು ಹೋರಾಡುತ್ತಿರುವುದು ಸುಮ್ಮನೆ ಅಲ್ಲ.

ಲೆಕ್ಕ ಬರೆದವನೇ ಆಡಿಟ್ ಮಾಡಬಾರದು ಎಂದು ನಮಗೆ ಕಲಿಸಿದ್ದಾರೆ. ಆಡಿಟ್ ಆದರೂ ವರದಿ ಕಪಾಟಿನಲ್ಲಿದ್ದರೆ ಷೇರುದಾರನಿಗೆ ಏನು ಲಾಭ? ಇಲ್ಲಿ ಷೇರುದಾರರು ಕೆರೆ ಕೆಳಗಿನ ರೈತರು, ಆ ಬೋರ್‌ವೆಲ್ ನೀರು ಕುಡಿಯುವ ಮಕ್ಕಳು. ಪ್ರತಿ ಕೆರೆ ಏರಿಯ ಮೇಲೂ ಒಂದು ಬೋರ್ಡ್ ಇರಲಿ: ಈ ತಿಂಗಳು ಎಷ್ಟು ನೀರು ಬಂತು, ಪರೀಕ್ಷೆಯಲ್ಲಿ ಏನು ಸಿಕ್ಕಿತು, ಕನ್ನಡದಲ್ಲಿ. ನಾನು ನೋಡಿದ ಎರಡು ಕೆರೆಗಳಲ್ಲಿ ಈಜಬಾರದು ಎನ್ನುವ ಬೋರ್ಡ್ ಬಿಟ್ಟರೆ ಬೇರೇನೂ ಇರಲಿಲ್ಲ.

ನಮ್ಮ ಕಾಮರ್ಸ್ ಪ್ರಾಜೆಕ್ಟ್ ಪ್ರತಿ ವರ್ಷ ಬ್ಯಾಂಕ್ ಚಲನ್ ಅಂಟಿಸುವುದರಲ್ಲೇ ಮುಗಿಯುತ್ತದೆ. (ಅಣ್ಣನ ಫೈಲನ್ನೇ ನಾನೂ ನಕಲು ಮಾಡಿದ್ದೆ, ಸರ್ ಕ್ಷಮಿಸಿ.) ಈ ಸಲ ಒಂದು ಕೆರೆ ಹಿಡಿಯೋಣ. ಏರಿ ಕೆಳಗಿನ ಇಪ್ಪತ್ತು ಮನೆಗಳಲ್ಲಿ ಕೇಳೋಣ: ಕುಡಿಯಲು ಯಾವ ನೀರು, ಕ್ಯಾನಿಗೆ ತಿಂಗಳಿಗೆ ಎಷ್ಟು ಖರ್ಚು, ಬೋರ್‌ವೆಲ್ ಯಾವಾಗ ತುಂಬಿತು, ಬೆಳೆ ಎಲ್ಲಿಗೆ ಹೋಗುತ್ತದೆ. ಪರೀಕ್ಷಾ ವರದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಲು ಹತ್ತು ರೂಪಾಯಿ ಸಾಕು. ಸೈನ್ಸ್‌ನವರು ಜೊತೆಗೆ ಬಂದರೆ ಇನ್ನೂ ಒಳ್ಳೆಯದು, ಪಿ.ಎಚ್. ನೋಡುವುದು ನಮಗೆ ಬರುವುದಿಲ್ಲ.

ಶನಿವಾರ ಮಧ್ಯಾಹ್ನ ಬಸ್ಸಿದೆ. ಬರುವವರು ದ್ವಿತೀಯ ಪಿಯು ಕಾಮರ್ಸ್ ತರಗತಿಯಲ್ಲಿ ಹೆಸರು ಕೊಡಿ.