ಕ್ಯಾಮೆರಾ ಕಾಣದ ಕಡೆಯೇ ಅಪಾಯ

ಶಾಲಾ ಬಸ್ಸುಗಳೊಳಗೆ ಕ್ಯಾಮೆರಾ ಕೂರಿಸಿದರೆ ಹೆತ್ತವರ ಚಿಂತೆ ಕಳೆಯಿತು ಎಂಬ ವಾದವನ್ನು ಒಪ್ಪಲಾರೆ. ಚಾಲಕ ಮೊಬೈಲ್ ಹಿಡಿದರೆ, ಮಗುವಿಗೆ ಯಾರಾದರೂ ಕಿರುಕುಳ ಕೊಟ್ಟರೆ ಅದು ಸಾಕ್ಷಿ ಹೇಳುತ್ತದೆ. ಅಷ್ಟರ ಮಟ್ಟಿಗೆ ಇರಲಿ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಎಷ್ಟೋ ಮಕ್ಕಳು ಶಾಲಾ ಬಸ್ಸು ಹತ್ತುವುದೇ ಇಲ್ಲ. ಅವರು ಹೋಗುವುದು ಓಮ್ನಿಯಲ್ಲಿ, ರಿಕ್ಷಾದಲ್ಲಿ, ಲೈನ್ ಬಸ್ಸಿನ ಫುಟ್‌ಬೋರ್ಡಿನಲ್ಲಿ.

2016ರ ಜೂನ್ 21ರಂದು ಕುಂದಾಪುರದ ಆಚೆ ತ್ರಾಸಿಯಲ್ಲಿ 8 ಮಕ್ಕಳು ಸತ್ತದ್ದು ಓಮ್ನಿಗೂ ಖಾಸಗಿ ಬಸ್ಸಿಗೂ ಡಿಕ್ಕಿಯಾಗಿ. ಕ್ಯಾಮೆರಾ ಇದ್ದಿದ್ದರೆ ಅವರಲ್ಲಿ ಒಬ್ಬರಾದರೂ ಉಳಿಯುತ್ತಿದ್ದರೇ?

ಬಸ್ಸು ಇಳಿಯುವ ಗಳಿಗೆಯನ್ನು ಕ್ಯಾಮೆರಾದ ಪರ ವಾದಿಸುವವರು ಮರೆತೇಬಿಟ್ಟಿದ್ದಾರೆ. ಬಿ.ಸಿ.ರೋಡಿನ ಹೆದ್ದಾರಿ, ಜಡಿಮಳೆಯ ಸಂಜೆ. ಒಂದನೇ ತರಗತಿಯ ಮಗು ಕೊಡೆ ಬಿಡಿಸಿಕೊಂಡು ಬಸ್ಸಿನ ಮುಂದಿನಿಂದಲೇ ರಸ್ತೆ ದಾಟಲು ಹೊರಡುತ್ತದೆ. ಬಂಪರಿಗೆ ತಾಗಿ ನಡೆಯುವ ಆ ಪುಟ್ಟ ತಲೆ ಎತ್ತರದಲ್ಲಿ ಕೂತ ಚಾಲಕನಿಗೆ ಕಾಣುವುದಿಲ್ಲ. ಓವರ್‌ಟೇಕ್ ಮಾಡುತ್ತ ಬರುವವನಿಗೂ ಕಾಣುವುದಿಲ್ಲ. ಅಲ್ಲಿ ಬೇಕಾದದ್ದು ಕೆಳಗಿಳಿದು, ಕೈಹಿಡಿದು, ಎರಡೂ ಕಡೆ ನೋಡಿ ದಾಟಿಸುವ ಸಹಾಯಕಿ. ಆಕೆಗೆ ತಿಂಗಳ ಸಂಬಳ ಕೊಡಬೇಕು. ಕ್ಯಾಮೆರಾಕ್ಕೆ ಒಮ್ಮೆ ಖರ್ಚು ಮಾಡಿದರಾಯಿತು. ಶಾಲೆಗಳ ಉತ್ಸಾಹದ ಹಿಂದೆ ಈ ಲೆಕ್ಕವೂ ಇದೆ ಎಂದೇ ನನ್ನ ಅನುಮಾನ.

ಶಾಲಾ ಮಕ್ಕಳ ವಾಹನಗಳಿಗೆಂದೇ ಕರ್ನಾಟಕ 2012ರಲ್ಲಿ ಪ್ರತ್ಯೇಕ ನಿಯಮ ರೂಪಿಸಿದೆ. ಅದರಂತೆ ಆರ್‌ಟಿಒ ಅಧಿಕಾರಿಗಳು ಓಮ್ನಿ, ರಿಕ್ಷಾಗಳನ್ನು ಶಾಲೆಯ ಗೇಟಿನಲ್ಲೇ ನಿಲ್ಲಿಸಿ ತಪಾಸಣೆ ಮಾಡಲಿ. ವೇಣೂರು, ಸಿದ್ದಕಟ್ಟೆ ಮಾರ್ಗಗಳಲ್ಲಿ ಶಾಲೆಯ ಹೊತ್ತಿಗೆ ಹೆಚ್ಚು ಸರ್ಕಾರಿ ಬಸ್ಸುಗಳು ಓಡಲಿ. ಕ್ಯಾಮೆರಾದ ಮಾತು ಆಮೇಲೆ.