ಗೊಂಬೆಯೋ, ಗಡಿಯಾರವೋ?

ಹೊಸೂರಿನ ಬೆಟ್ಟದ ಚಂದ್ರಚೂಡೇಶ್ವರಸ್ವಾಮಿಯ ರಥೋತ್ಸವಕ್ಕೆ ಪ್ರತಿವರ್ಷದಂತೆ ಈ ಬಾರಿಯೂ ಮತ್ತಿಗಿರಿಯಿಂದ ನಮ್ಮ ಮನೆಯವರೆಲ್ಲ ಹೋಗಿದ್ದೆವು. ದರ್ಶನ ಮುಗಿಸಿ ಜಾತ್ರೆಯ ಅಂಗಡಿಸಾಲಿನಲ್ಲಿ ಬರುತ್ತಿರುವಾಗ, ಐದನೆಯ ತರಗತಿಯಲ್ಲಿ ಓದುತ್ತಿರುವ ನನ್ನ ತಂಗಿಯ ಮಗ ಆಟಿಕೆಗಳ ಅಂಗಡಿಯೊಂದರ ಮುಂದೆ ನಿಂತುಬಿಟ್ಟನು. ಅವನ ಕಣ್ಣು ನೆಟ್ಟಿದ್ದುದು ಒಂದು ಕೈಗಡಿಯಾರದ ಮೇಲೆ. ಅಂಗಡಿಯವನು ಅದನ್ನು ಎತ್ತಿಕೊಂಡು, ಅತ್ತಿತ್ತ ನಾಲ್ಕು ಮಡಿಕೆಗಳನ್ನು ಬಿಡಿಸಿದನು. ತಲೆ ಹೊರಬಂದಿತು, ಕೈ ಕಾಲು ಚಾಚಿಕೊಂಡವು, ಗಡಿಯಾರವಿದ್ದದ್ದು ರೋಬೋಟಾಗಿ ಅಂಗೈಯ ಮೇಲೆ ನಿಂತಿತು. ಬೆಲೆ 150 ರೂಪಾಯಿ. ಸೋದರಮಾವನಾದವನು ಅಂಥ ಹೊತ್ತಿನಲ್ಲಿ ಚೌಕಾಸಿಗೆ ನಿಲ್ಲುವುದುಂಟೇ? ಕೊಂಡುಕೊಟ್ಟೆನು.

ಮನೆಗೆ ಬಂದ ಮೇಲೆ ಹುಡುಗ ಕೇಳಿದ ಪ್ರಶ್ನೆ ಇದು: “ಮಾವ, ಇದು ಗೊಂಬೆಯೋ, ಗಡಿಯಾರವೋ?” ಎರಡೂ ಹೌದು ಎಂದು ಹೇಳಿ ನಾನು ಕಡತಗಳತ್ತ ತಿರುಗಿದೆನು. ಆ ಉತ್ತರ ಸಾಲದೆಂಬುದು ಮೂರು ದಿನಗಳ ಬಳಿಕ ತಿಳಿಯಿತು. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಆ ಆಟಿಕೆಯ ಪೂರ್ವವೃತ್ತಾಂತವನ್ನು ನೋಡೋಣ. ಅದರಲ್ಲಿ ನಮ್ಮ ಊರಿನ ಕಥೆಯೂ ಸೇರಿಕೊಂಡಿದೆ.

ರೂಪ ಬದಲಿಸುವ ಈ ರೋಬೋಟುಗಳ ತವರು ಜಪಾನ್. ಅಲ್ಲಿನ ಟಕಾರ ಎಂಬ ಆಟಿಕೆ ಸಂಸ್ಥೆ 1980ರಲ್ಲಿ ‘ಡಯಾಕ್ಲೋನ್’ ಎಂಬ ಸಾಲನ್ನೂ, 1983ರಲ್ಲಿ ‘ಮೈಕ್ರೋ ಚೇಂಜ್’ ಎಂಬ ಸಾಲನ್ನೂ ಹೊರತಂದಿತು. ಎರಡನೆಯದರ ಸೊಗಸು ಏನೆಂದರೆ, ಅದರ ರೋಬೋಟುಗಳು ಮನೆಯಲ್ಲಿ ನಾವು ಬಳಸುವ ವಸ್ತುಗಳಾಗಿ ಅವುಗಳ ನಿಜವಾದ ಗಾತ್ರದಲ್ಲೇ ಮಾರ್ಪಡುತ್ತಿದ್ದವು: ಕ್ಯಾಸೆಟ್ ಪ್ಲೇಯರ್, ಕ್ಯಾಮರಾ, ಸೂಕ್ಷ್ಮದರ್ಶಕ ಇತ್ಯಾದಿ. ಅಮೆರಿಕದ ಹ್ಯಾಸ್‌ಬ್ರೊ ಸಂಸ್ಥೆ ಈ ಎರಡೂ ಸಾಲುಗಳಿಂದ ಗೊಂಬೆಗಳನ್ನು ಆಯ್ದು, 1984ರಲ್ಲಿ ‘ಟ್ರಾನ್ಸ್‌ಫಾರ್ಮರ್ಸ್’ ಎಂಬ ಹೆಸರಿಟ್ಟು ಮಾರಿತು. ಅದೇ ದಶಕದಲ್ಲಿ ಟಕಾರ ‘ಕ್ರೋನೊಫಾರ್ಮ್’ ಎಂಬ ಹೆಸರಿನಲ್ಲಿ ಗಡಿಯಾರವಾಗುವ ರೋಬೋಟನ್ನು ಮಾರುಕಟ್ಟೆಗೆ ತಂದಿತು. ನಮ್ಮ ಜಾತ್ರೆಯ ಗೊಂಬೆ ಆ ವಂಶದ್ದೇ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಇಂಥ ಗೊಂಬೆ 1960ರಲ್ಲಿ ಏಕೆ ಹುಟ್ಟಲಿಲ್ಲ? ಆಗ ಗಡಿಯಾರವೆಂದರೆ ಸುರುಳಿ, ಹಲ್ಲುಚಕ್ರ, ಮುಳ್ಳುಗಳ ನಾಜೂಕಾದ ಯಂತ್ರ. ಬೆಂಗಳೂರಿನಲ್ಲಿ ಎಚ್‌ಎಂಟಿ ಸಂಸ್ಥೆ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಗಡಿಯಾರಗಳನ್ನು ತಯಾರಿಸತೊಡಗಿತು. ನಮ್ಮ ತಂದೆಯವರ ಕೈಯಲ್ಲಿದ್ದುದು ಅದರ ‘ಜನತಾ’. ಪ್ರತಿದಿನ ಬೆಳಗ್ಗೆ ಅವರು ಅದಕ್ಕೆ ಕೀ ಕೊಡುತ್ತಿದ್ದುದನ್ನು ನೋಡಿಯೇ ನಾವು ಶಾಲೆಗೆ ಹೊರಡುವ ಹೊತ್ತಾಯಿತೆಂದು ತಿಳಿಯುತ್ತಿದ್ದೆವು. ಮಕ್ಕಳು ಅದನ್ನು ಮುಟ್ಟುವಂತಿರಲಿಲ್ಲ. ಮುಟ್ಟಲಾಗದ ವಸ್ತುವಿನಿಂದ ಆಟಿಕೆ ಹುಟ್ಟುವುದು ಹೇಗೆ?

ಬದಲಾವಣೆಯನ್ನು ತಂದದ್ದು ಕ್ವಾರ್ಟ್ಜ್ ಎಂಬ ಹರಳು. ಸೆಲ್ಲಿನ ವಿದ್ಯುತ್ತು ಹರಿದಾಗ ಗಡಿಯಾರದೊಳಗಿನ ಪುಟ್ಟ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಏಕೆ ಅದೇ ಸಂಖ್ಯೆ? ಮಕ್ಕಳು ಕಾಗದ, ಪೆನ್ಸಿಲು ಹಿಡಿದು ಆ ಸಂಖ್ಯೆಯನ್ನು ಅರ್ಧ ಮಾಡಲಿ. ಬಂದುದನ್ನು ಮತ್ತೆ ಅರ್ಧ ಮಾಡಲಿ. ಹೀಗೆ 15 ಬಾರಿ ಮಾಡಿದರೆ ಕೊನೆಗೆ ಉಳಿಯುವುದು 1. ಗಡಿಯಾರದ ಚಿಪ್ಪು ಮಾಡುವ ಕೆಲಸವೂ ಇದೇ: ಕಂಪನಗಳನ್ನು ಅರ್ಧಿಸುತ್ತ ಹೋಗಿ, ಸೆಕೆಂಡಿಗೆ ಒಂದು ಮಿಡಿತವನ್ನು ಕೊಡುತ್ತದೆ. ಮೊದಲ ಕ್ವಾರ್ಟ್ಜ್ ಕೈಗಡಿಯಾರ, ಸೈಕೋ ಸಂಸ್ಥೆಯ ‘ಆಸ್ಟ್ರಾನ್’, 1969ರ ಡಿಸೆಂಬರ್ 25ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದಾಗ ಅದರ ಬೆಲೆ ಅಲ್ಲಿ ಒಂದು ಕಾರಿನಷ್ಟಿತ್ತು. ಅಂಕಿಗಳಲ್ಲಿ ಹೊತ್ತು ತೋರಿಸುವ ಮೊದಲ ವಿದ್ಯುನ್ಮಾನ ಕೈಗಡಿಯಾರ ‘ಪಲ್ಸರ್’ 1972ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದಾಗ ಅದೂ ಚಿನ್ನದ ಕವಚ ಹೊತ್ತ, ಸಿರಿವಂತರ ಸೊತ್ತು. ಮುಂದೆ ಹತ್ತು ಹನ್ನೆರಡು ವರ್ಷಗಳಲ್ಲಿ ಬೆಲೆ ಎಷ್ಟು ಇಳಿಯಿತೆಂದರೆ, ಗಡಿಯಾರದ ಯಂತ್ರವನ್ನು ಗೊಂಬೆಯ ಹೊಟ್ಟೆಯಲ್ಲಿ ಇಟ್ಟು ಮಕ್ಕಳ ಕೈಗೆ ಕೊಡುವುದು ಸಾಧ್ಯವಾಯಿತು.

ಇದೇ ಹರಳು ನಮ್ಮ ಊರಿನ ಹಣೆಬರಹವನ್ನೂ ಬದಲಿಸಿತು. ಟಾಟಾ ಸಂಸ್ಥೆಯೂ ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮವೂ ಕೂಡಿ 1984ರಲ್ಲಿ ಟೈಟಾನ್ ಸಂಸ್ಥೆಯನ್ನು ಸ್ಥಾಪಿಸಿ, ಹೊಸೂರಿನಲ್ಲಿ ಕಾರ್ಖಾನೆ ಕಟ್ಟಿದವು. ಕೀ ಕೊಡುವ ಗಡಿಯಾರಗಳೇ ದೇಶದ ತುಂಬ ಇದ್ದ ಕಾಲದಲ್ಲಿ ಅದು ಕ್ವಾರ್ಟ್ಜನ್ನೇ ನಂಬಿ ಹೊರಟಿತು. 2002ರಲ್ಲಿ ಇದೇ ಸಂಸ್ಥೆ ಹೊರತಂದ ‘ಎಡ್ಜ್’ ಎಂಬ ಗಡಿಯಾರದ ಒಟ್ಟು ದಪ್ಪ 3.5 ಮಿಲಿಮೀಟರ್, ಅದರೊಳಗಿನ ಯಂತ್ರದ ದಪ್ಪ ಕೇವಲ 1.15 ಮಿಲಿಮೀಟರ್. ಟೈಟಾನ್ ನೌಕರರ ಬಡಾವಣೆ ನಮ್ಮ ಮತ್ತಿಗಿರಿಯಲ್ಲೇ ಇದೆ. ಅತ್ತ ಬೆಂಗಳೂರಿನ ಎಚ್‌ಎಂಟಿ ಗಡಿಯಾರ ಘಟಕವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ನೀಡಿತು. ನಲವತ್ತು ಕಿಲೋಮೀಟರಿನ ಅಂತರದಲ್ಲಿ ಒಂದು ಕಡೆ ಕದ ತೆರೆಯಿತು, ಇನ್ನೊಂದು ಕಡೆ ಕದ ಮುಚ್ಚಿತು.

ಈಗ ಆ ಮೂರನೆಯ ದಿನದ ಮಾತು. ಸಂಜೆ ಹುಡುಗ ಗೊಂಬೆಯ ಮಡಿಕೆಗಳನ್ನು ಬಿಡಿಸುತ್ತಿರುವಾಗ ಅದರ ಬೆನ್ನಿನ ಮುಚ್ಚಳ ಕಳಚಿ, ಒಳಗಿದ್ದ ಗುಂಡಿಯಾಕಾರದ ಸೆಲ್ಲು ನೆಲಕ್ಕೆ ಉರುಳಿತು. ಒಂದೂವರೆ ವರ್ಷದ ಅವನ ತಂಗಿ ಅದನ್ನು ಹೆಕ್ಕಿ ಬಾಯಿಗಿಟ್ಟುಕೊಂಡಳು. ಅಡುಗೆಮನೆಯಿಂದ ಬರುತ್ತಿದ್ದ ನಮ್ಮ ತಾಯಿಯವರು ಅದನ್ನು ಕಂಡು, ಬೆರಳು ಹಾಕಿ ಹೊರತೆಗೆದರು. ದೇವರ ದಯೆಯಿಂದ ಏನೂ ಆಗಲಿಲ್ಲ. ಆದರೆ ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅದನ್ನು ಕೊಂಡುತಂದವನು ನಾನು. ಡಬ್ಬಿಯನ್ನು ತಿರುಗಿಸಿ ಓದದೆ ಹಣ ಕೊಟ್ಟವನೂ ನಾನೇ.

ಬಟನ್ ಸೆಲ್ಲು ನುಂಗಿದರೆ ನಾಣ್ಯ ನುಂಗಿದಂತೆ ಅಲ್ಲ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ತೇವದಲ್ಲಿ ವಿದ್ಯುತ್ತು ಹರಿದು, ಕ್ಷಾರ ಉಂಟಾಗಿ, ಎರಡೇ ಗಂಟೆಗಳಲ್ಲಿ ಒಳಗಿನ ಮಾಂಸ ಸುಡಬಲ್ಲುದು. ಗಡಿಯಾರ ನಡೆಸಲಾಗದಷ್ಟು ಹಳೆಯದಾದ ಸೆಲ್ಲಿನಿಂದಲೂ ಈ ಅಪಾಯ ತಪ್ಪದು. ನುಂಗಿರಬಹುದೆಂಬ ಶಂಕೆ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ, ಎಕ್ಸ್-ರೇ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಬೇಕು. ನಾಳೆ ನೋಡೋಣ ಎನ್ನುವಂತಿಲ್ಲ.

ಮರುದಿನ ಹುಡುಗನ ಪ್ರಶ್ನೆಗೆ ವಕೀಲನಾಗಿ ಉತ್ತರ ಹುಡುಕಿದೆನು. ಕೇಂದ್ರ ಸರ್ಕಾರದ 2020ರ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ, 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ರೂಪಿಸಿದ ವಸ್ತುವೆಲ್ಲ ಆಟಿಕೆಯೇ. ಆಟವೊಂದೇ ಅದರ ಉದ್ದೇಶವಾಗಿರಬೇಕೆಂದೇನೂ ಇಲ್ಲ. ಅಂದರೆ, ಹೊತ್ತು ತೋರಿಸುತ್ತದೆಂಬ ಕಾರಣಕ್ಕೆ ರೋಬೋಟು ಗೊಂಬೆಯಲ್ಲದೆ ಹೋಗುವುದಿಲ್ಲ. ಆಟಿಕೆಯಾದ ಮೇಲೆ ಅದಕ್ಕೆ ಐಎಸ್‌ಐ ಮುದ್ರೆ ಕಡ್ಡಾಯ. ಚನ್ನಪಟ್ಟಣದ ಗೊಂಬೆಗಳಂಥ ಭೌಗೋಳಿಕ ಗುರುತು ಪಡೆದ ಕರಕುಶಲ ಆಟಿಕೆಗಳಿಗೆ ವಿನಾಯಿತಿ ಇದೆ. ಸೆಲ್ಲಿನ ರೋಬೋಟಿಗೆ ಇಲ್ಲ.

ಆದ್ದರಿಂದ ಪೋಷಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟು. ಆಟಿಕೆ ಕೊಳ್ಳುವ ಮುನ್ನ ಡಬ್ಬಿಯನ್ನು ತಿರುಗಿಸಿ ನೋಡಿರಿ. ಐಎಸ್‌ಐ ಮುದ್ರೆಯೂ ಅದರೊಡನೆ ಪರವಾನಗಿ ಸಂಖ್ಯೆಯೂ ಇರಬೇಕು. ಆ ಸಂಖ್ಯೆ ನಿಜವೇ ಎಂಬುದನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಪರೀಕ್ಷಿಸಬಹುದು. ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಅಚ್ಚಾಗಿರಬೇಕು. ಸೆಲ್ಲಿನ ಮುಚ್ಚಳವನ್ನು ಸ್ಕ್ರೂ ಹಾಕಿ ಭದ್ರಪಡಿಸಿರಬೇಕು. ಉಗುರಿನಿಂದಲೇ ತೆರೆಯುವಂತಿದ್ದರೆ ಬೇಡವೆನ್ನಿರಿ. ಬಿಲ್ಲು ಕೇಳಿ ಪಡೆಯಿರಿ. ಬಿಲ್ಲಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಸ್ತುವಿನ ಬೆಲೆ 5 ಲಕ್ಷ ರೂಪಾಯಿಯವರೆಗೆ ಶುಲ್ಕವಿಲ್ಲ, ವಕೀಲರೇ ಬೇಕೆಂಬ ನಿಯಮವೂ ಇಲ್ಲ. ಮೊದಲ ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ನಾವು ಕೊಂಡ ಗೊಂಬೆಯ ಡಬ್ಬಿಯಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ಗಡಿಯಾರದ ಊರಿನಲ್ಲಿ ಬದುಕುವ ನಾನು, ಊರು ಹೆಸರಿಲ್ಲದ ಗಡಿಯಾರವನ್ನು ಮನೆಗೆ ತಂದಿದ್ದೆನು. ಈಗ ಅದು ಸೆಲ್ಲಿಲ್ಲದೆ ಕಪಾಟಿನ ಮೇಲಿದೆ. ಹುಡುಗ ಆಗಾಗ ಅದನ್ನು ಇಳಿಸಿ, ಮಡಿಸಿ, ಬಿಡಿಸಿ ನೋಡುತ್ತಾನೆ. ಮೊನ್ನೆ ಅವನೇ ತೀರ್ಪು ಕೊಟ್ಟನು: “ಈಗ ಇದು ಬರೀ ಗೊಂಬೆ, ಮಾವ. ಹೊತ್ತು ನೋಡೋದಕ್ಕೆ ತಾತನ ಜನತಾ ಇದೆಯಲ್ಲ, ಕೀ ನಾನು ಕೊಡಲೇ?”

ಕೊಡು ಎಂದೆನು.